ದಿನಕ್ಕೊಂದೇ ಸಲ ಚಾವಿ ತಿರುಗಿಸುವ ದುರ್ಗಪ್ಪ

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. 2006ರ ಡಿಸೆಂಬರ್, ಹಲ್ಲು ಕಟಕಟಿಸುವ ಚಳಿ. ದುರ್ಗಪ್ಪ ಬಿಳಿ ಕಾರಿನ ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಡುತ್ತಾರೆ. ಪೂರ್ತಿ ತಣ್ಣಗಿದೆ. ಕಾರಿಗೆ ತಂತಿಯಿಂದ ಜೋಡಿಸಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಅಂಕಿ ಬದಲಿಸಿ ಚಾವಿ ತಿರುಗಿಸುತ್ತಾರೆ. ಎಂಜಿನ್ ಹತ್ತಿಕೊಂಡು, ಎರಡು ಸಲ ಕೆಮ್ಮಿ, ನಿಂತುಬಿಡುತ್ತದೆ. ಅವರು ಮತ್ತೆ ಚಾವಿ ಮುಟ್ಟುವುದಿಲ್ಲ.

"ಇವತ್ತಿಂದು ಮುಗೀತ್ರಿ. ಒಮ್ಮೆ ಬಿಸಿ ಆತಂದ್ರ ಅದು ಖರೇ ಹೇಳೂದಿಲ್ಲ. ಇನ್ನ ನಾಳೆ ಮುಂಜಾನಿ ಕೇಳೂದು."

ಕಾರು ಸವದತ್ತಿಯ ದನಗಳ ಡಾಕ್ಟರ್ ಶೈಲಜಾ ಅವರದು. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್ ಡಬ್ಬಿ ಮಳೆಗಾಲದಲ್ಲಿ ಸುಟ್ಟುಹೋಯಿತು. ಕಾರಿನ ಕಂಪನಿಯ ಡಬ್ಬಿ ಸಿಗಲಿಲ್ಲ. ಯಾರೋ ಒಬ್ಬ ಬೇರೆ ಡಬ್ಬಿ ಹಾಕಿಕೊಟ್ಟು, ಅದರೊಳಗಿನ ಪೆಟ್ರೋಲ್ ಲೆಕ್ಕದ ಅಂಕಿಗಳನ್ನು ಪೂರ್ತಿ ಹೊಂದಿಸದೆಯೇ ಅಂಗಡಿ ಮುಚ್ಚಿ ನಾಪತ್ತೆಯಾದ. ಅಂದಿನಿಂದ ನಸುಕಿನಲ್ಲಿ ಕಾರು ಮುಷ್ಕರ ಹೂಡುತ್ತದೆ. ರಾಮದುರ್ಗದ ಕಡೆ ಕಷ್ಟದ ಹೆರಿಗೆಯಲ್ಲಿದ್ದ ಎಮ್ಮೆಯೊಂದರ ಬಳಿಗೆ ಅವರು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಆ ಮನೆಯವರ ಮುಖವನ್ನು ಶೈಲಜಾ ಇನ್ನೂ ಮರೆತಿಲ್ಲ.

ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ ಎಲ್ಲ ಸುತ್ತಿದ್ದಾಯಿತು. ಎಲ್ಲರೂ "ಗಾಡಿ ಚಲೋ ಐತಿ" ಎಂದೇ ಕಳಿಸಿದರು. ಅಷ್ಟು ದೂರ ಓಡಿಸಿಕೊಂಡು ಹೋದ ಎಂಜಿನ್ ಬಿಸಿಯಾಗಿಯೇ ಇರುತ್ತದಲ್ಲ! "ಜ್ವರ ಇಳಿದ ಮ್ಯಾಲೆ ದನಾ ತಂದು ತೋರಿಸಿದ್ರ ನಾನರೆ ಏನ್ ಹೇಳಲಿ? ಡಾಕ್ಟರಾಗಿ ನನಗ ಇಷ್ಟು ಹೊಳೀಲಿಲ್ಲ ನೋಡ್ರಿ" ಎಂದು ಶೈಲಜಾ ನಗುತ್ತಾರೆ. ದುರ್ಗಪ್ಪ ಮಾತ್ರ ಮೊದಲ ದಿನವೇ "ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ರಿ, ಅಕ್ಕಾರ" ಎಂದರು.

ದುರ್ಗಪ್ಪ ಶಾಲೆ ಓದಿದ್ದು ಏಳನೇ ಇಯತ್ತೆಯವರೆಗೆ. ಹೊಟ್ಟೆಪಾಡಿಗೆ ದಿನಕ್ಕೆ ಮೂರು ನಾಲ್ಕು ಪಂಪ್‌ಸೆಟ್ ರಿಪೇರಿ. ಇಂಗ್ಲಿಷ್ ಬಾರದು. ಲ್ಯಾಪ್‌ಟಾಪಿನ ಪರದೆಯ ಮೇಲಿನ ಒಂದೊಂದು ಪದವನ್ನೂ ಚಿತ್ರ ಬಿಡಿಸಿದಂತೆ ವಹಿಯಲ್ಲಿ ಬರೆದುಕೊಂಡು, ಬಲ್ಲವರನ್ನು ಕೇಳಿ, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದಿದ್ದಾರೆ. ಆ ವಹಿ ತಿರುವಿದರೆ ಕೈ ಮುಗಿಯಬೇಕೆನಿಸುತ್ತದೆ. ಹೆಂಡತಿ ಕಾಡವ್ವನಿಗೆ ಅಂಥ ಬೆರಗೇನೂ ಇಲ್ಲ. "ನಿದ್ದಿಯಾಗೂ ಅಂಕಿ ಬಡಬಡಿಸತಾರ್ರಿ. ನಾ ಎದ್ದು ನೀರ್ ಕೊಡತೇನಿ."

ಕಾರು ಶೆಡ್ಡಿಗೆ ಬಂದ ಹನ್ನೆರಡನೆಯ ಮುಂಜಾನೆ ಎಂಜಿನ್ ಕೆಮ್ಮುವುದಿಲ್ಲ. ದುರ್ಗಪ್ಪ ಹತ್ತು ನಿಮಿಷ ಕಿವಿಗೊಟ್ಟು ನಿಲ್ಲುತ್ತಾರೆ. ಕಾರು ಒಯ್ಯಲು ಬಂದ ಶೈಲಜಾ ಸರಿಯಾಯಿತೇ ಎಂದು ಕೇಳಿದರೆ ಹೌದು ಎನ್ನುವುದಿಲ್ಲ. "ಒಯ್ದು ನೋಡ್ರಿ" ಎನ್ನುತ್ತಾರೆ, ಅಷ್ಟೇ.

ಐದನೆಯ ದಿನ ಶೈಲಜಾ ಅವರ ಫೋನ್ ಬರುತ್ತದೆ. ನಸುಕಿನಲ್ಲಿ ಮನೋಳಿಯಿಂದ ಕರೆ ಬಂದಿತ್ತಂತೆ, ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತಂತೆ. ಕಾರು ಒಂದೇ ಸಲಕ್ಕೆ ಹತ್ತಿತು ಎಂದು ಅವರು ಸಂಭ್ರಮದಿಂದ ಹೇಳುತ್ತಲೇ ಇದ್ದಾರೆ. ದುರ್ಗಪ್ಪ ನಡುವೆಯೇ ತಡೆಯುತ್ತಾರೆ.

"ಎಮ್ಮಿ ಏನಾತ್ರಿ?"

ತಾಯಿ, ಕರು ಎರಡೂ ಉಳಿದಿವೆ.

"ಹಂಗಾರ ಗಾಡಿ ಸರಿ ಆಗೇತ್ರಿ, ಅಕ್ಕಾರ."