ಗಾದಿ ಕೊಟ್ಟು ನೆಲಕ್ಕೆ ಕೂತವರು

ಶಹಾಪುರದ ಆ ಬಟ್ಟೆ ಅಂಗಡಿಯವರು ತಿಂಗಳಿಗೊಂದು ರವಿವಾರ ತಮ್ಮ ಮಾಲನ್ನೆಲ್ಲ ಒಳಗಿಟ್ಟು, ಕೈಕೆಲಸದವರಿಗೆ ಅಂಗಡಿ ಬಿಟ್ಟುಕೊಡುತ್ತಿದ್ದರು. ಷರತ್ತು ಒಂದೇ: "ಮೊದಲ ನಿಮ್ಮ ಕೆಲಸದ ಬಗ್ಗೆ ಮಾತಾಡ್ರಿ, ಆಮ್ಯಾಲ ಮಾರ್ರಿ." ಮಾತಾಡುವವರಿಗೆ ತಮ್ಮ ಗಾದಿ ಕೊಟ್ಟು, ತಾವು ಗಿರಾಕಿಗಳ ನಡುವೆ ನೆಲಕ್ಕೆ ಕೂರುವರು.

ಒಮ್ಮೆ ಮುದನಾಳದಿಂದ ಹಳೇ ಬಟ್ಟೆ ಸೇರಿಸಿ ಕೌದಿ ಹೊಲಿಯುವ ಮುದುಕಿ ಬಂದಳು. ಗಾದಿಯ ಮೇಲೆ ಕೂತವಳ ಬಾಯಿಂದ ಮಾತೇ ಹೊರಡಲಿಲ್ಲ. ಜನ ಮೊಬೈಲ್ ತೆಗೆದರು. ನಾನು ಚಪ್ಪಲಿ ಹುಡುಕತೊಡಗಿದೆ.

ಅಂಗಡಿಯವರು ಎದ್ದು ಒಳಗಿಂದ ಸುಕ್ಕುಗಟ್ಟಿದ ಕೌದಿಯೊಂದನ್ನು ತಂದು ಅವಳ ಮುಂದೆ ಹಾಸಿದರು. "ಇದರಾಗ ಏನ್ ತಪ್ಪದ, ಹೇಳಬೇ ಯವ್ವಾ."

"ಏನ್ ಸರಿ ಅದ ಅಂತ ಕೇಳ್ರಿ!" ಎಂದು ಸಿಡಿದವಳು, ಒಂದೊಂದೇ ಹೊಲಿಗೆ ತೋರಿಸುತ್ತ ಅರ್ಧ ತಾಸು ಮಾತಾಡಿದಳು. ಚಪ್ಪಲಿ ಬಿಟ್ಟು ನಾನೂ ಕೂತೆ. ಕೊನೆಗೆ ಕೇಳಿದಳು: "ಯಾವ ಪುಣ್ಯಾತ್ಮ ಹೊಲ್ದಾನ್ರಿ ಇದನ್ನ?"

ನೆಲದ ಮೇಲೆ ಕೂತಿದ್ದ ಅಂಗಡಿಯವರು ಕೈ ಎತ್ತಿದರು.