ಡಾಲರ್ ಏರಿದ ವರ್ಷ ವೈನಿಯ ಮಿರ್ಚಿ ಅಂಗಡಿ

ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದೆಯೇ ವೈನಿಯ ಮಿರ್ಚಿ ಭಜಿ ಅಂಗಡಿ. ವೈನಿ ಅಂದರೆ ನಮ್ಮಣ್ಣನ ಹೆಂಡತಿ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ನಾನಾಗ ಗದಗಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ವಿನಿಮಯ ದರ, ಹಣದುಬ್ಬರ ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾಗುತ್ತಿದ್ದೆನೇ ಹೊರತು ಒಂದಕ್ಷರ ಅರ್ಥವಾಗಿರಲಿಲ್ಲ.

ಆ ವರ್ಷ ಎಣ್ಣೆ ಡಬ್ಬಿಯ ರೇಟು ಒಂದೇ ತಿಂಗಳಲ್ಲಿ ಮೂರು ಸಲ ಏರಿತು. ಅಂಗಡಿಯವರು ಮೋಸ ಮಾಡುತ್ತಿದ್ದಾರೆಂದು ವೈನಿಗೆ ಖಾತ್ರಿಯಾಯಿತು. ಒಂದು ಮುಂಜಾನೆ ಸೆರಗು ಸಿಕ್ಕಿಸಿ, "ನಡಿ, ನೀ ಕಲ್ತಾಕಿ ಇದ್ದಿ, ಜಗಳಾಡಾಕ ಬಾ" ಎಂದು ನನ್ನನ್ನೂ ಎಳೆದುಕೊಂಡು ಗದಗಿನ ಎಣ್ಣೆ ಅಂಗಡಿಗೆ ಹೊರಟಳು.

ಅಂಗಡಿಯ ಸಾವಕಾರರು ಮುಳಗುಂದದ ಕಡೆಯ ಹಿರಿಯರು. ವೈನಿಯ ಕೂಗಾಟ ಮುಗಿದೊಡನೆ ನಮ್ಮಿಬ್ಬರಿಗೂ ಸ್ಟೂಲು ಸರಿಸಿದರು. ಆಮೇಲೆ, "ಕುಂಡ್ರಿ ತಂಗಿ. ಈ ಪಾಮ್ ಎಣ್ಣಿ ಹಡಗದಾಗ ಬರ್ತೈತಿ. ಡಾಲರ್ ಕೊಟ್ಟ ತರಬೇಕು. ಒಂದು ಡಾಲರಿಗೆ ಈಗ ಹೆಚ್ಚು ರೂಪಾಯಿ ಬೇಕು. ಅಲ್ಲಿ ಎಣ್ಣಿ ರೇಟ್ ಏರಿಲ್ಲ, ನಮ್ಮ ರೂಪಾಯಿ ಇಳದೈತಿ" ಎಂದರು.

ವೈನಿ ಬಿಡಲಿಲ್ಲ. "ಎಣ್ಣಿ ಮಾತು ಆತ್ರಿ. ಕಡ್ಲಿ ನಮ್ಮ ಕುರ್ತಕೋಟಿದು, ಅದ್ಯಾವ ಹಡಗ ಹತ್ತೈತ್ರಿ? ಹಿಟ್ಟಿನ ರೇಟ್ ಯಾಕ ಏರತು?"

"ಕಡ್ಲಿ ತರೂ ಲಾರಿ ಯಾತರ ಮ್ಯಾಲೆ ಓಡ್ತೈತವಾ? ಡೀಸೆಲ್ ಮಾಡೂ ಎಣ್ಣೀನೂ ಹೊರಗಿಂದ ಬಂದದ್ದ. ಲಾರಿ ಬಾಡಗಿ ಏರತು, ಹಿಟ್ಟೂ ಏರತು."

ನಾನು ಸ್ಟೂಲಿನಿಂದ ಎದ್ದು ನಿಂತೇಬಿಟ್ಟೆ. "ವೈನಿ, ಇದು ನನ್ನ ಪಾಠ! ಖರೇನ ಇದ!" ಎಂದು ಕೂಗಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಜಗಳಕ್ಕೆ ಬಂದಿದ್ದ ವೈನಿ ಮನೆಗೆ ಮರಳುವಷ್ಟರಲ್ಲಿ ಬೇರೆಯದೇ ಲೆಕ್ಕ ಹಾಕಿದ್ದಳು. "ಡಾಲರ್ ಇಳಿಯೂತನಕ ಕೈಕಟ್ಟಿ ಕುಂಡ್ರಾಕ ಆಗಂಗಿಲ್ಲ. ಎಣ್ಣಿ ಕಡಿಮಿ ಬೇಡೂದನ್ನ ಮಾಡೂಣು." ಅಂದೇ ಸಂಜೆ ಮಂಡಕ್ಕಿ ತರಿಸಿ ಗಿರಮಿಟ್ಟು ಕಲಸಿದಳು. ಮಿರ್ಚಿಯನ್ನು ಎರಡು ತಾಸು ಮಾತ್ರ ಕರಿದಳು. ಅದರ ರೇಟು ಏರಿಸಿ, ಕೇಳಿದವರಿಗೆಲ್ಲ ಹಡಗಿನಿಂದ ಹಿಡಿದು ಲಾರಿಯವರೆಗೂ ವಿವರಿಸಿದಳು. ಜನ ತಿನ್ನುತ್ತಾ ನಿಂತೇ ಕೇಳಿದರು. ದೀಪ ಹಚ್ಚುವ ಹೊತ್ತಿಗೆ ಮಂಡಕ್ಕಿ ಚೀಲ ಖಾಲಿ!

ಹಾಗೆ ಕೇಳಿಸಿಕೊಂಡವರಲ್ಲಿ ನಮ್ಮ ಅರ್ಥಶಾಸ್ತ್ರದ ಸರ್ ಕೂಡ ಒಬ್ಬರು. ಮರುವಾರವೇ ಅವರು ವೈನಿಯನ್ನು ನಮ್ಮ ತರಗತಿಗೆ ಕರೆಸಿದರು. ಇಳಕಲ್ ಸೀರೆ ಉಟ್ಟು ಬಂದವಳು ಮೊದಲು ಬೆವತಳು. ಎರಡು ಮಾತು ಆಡಿದ ಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ನನಗೋ ಹೆಮ್ಮೆಯಿಂದ ಕೂತಲ್ಲಿ ಕೂರಲಾಗಲಿಲ್ಲ.

ಕೊನೆಗೆ ಹುಡುಗಿಯೊಬ್ಬಳು ಕೇಳಿದಳು: "ಡಾಲರ್ ಇಳಿದ್ರ ಮಿರ್ಚಿ ರೇಟ್ ಇಳಸ್ತೀರೇನ್ರಿ ಅಕ್ಕಾರ?"

ವೈನಿ ಸೆರಗು ಸಿಕ್ಕಿಸಿದಳು. "ಎಣ್ಣಿ ಇಳಿದ್ರ ನಾ ಇಳಸ್ತೀನಿ. ಆದ್ರ ಏರಿದ ಬಸ್ ಚಾರ್ಜ್ ತಿರಗಿ ಇಳದದ್ದು ನೀವು ಎಂದರ ನೋಡೀರೇನು?"

ತರಗತಿಯೆಲ್ಲ ಹೋ ಎಂದಿತು. ಸರ್ ನಗುತ್ತಲೇ ಸೀಮೆಸುಣ್ಣ ಎತ್ತಿಕೊಂಡು ಅವಳ ಮಾತನ್ನು ಹಲಗೆಯ ಮೇಲೆ ಬರೆದರು.