ಗೋದಾಮಿನ ತಿರುವಿನಲ್ಲಿ ಬಿಳಿ ದೀಪ

ನನ್ನ ತಮ್ಮ ಬಟ್ಟೆ ಇಸ್ತ್ರಿ ಮಾಡುವವನು. ನಲವತ್ತು ವರ್ಷದಿಂದ ಅದೇ ಮೇಜು, ಅದರ ಮೇಲೆ ಅದೇ ಸುಟ್ಟ ಕಲೆಗಳ ಕಂಬಳಿ. ಮಧ್ಯಾಹ್ನ ಇಳಿಯುವವರೆಗೆ ಇಸ್ತ್ರಿ, ಸಂಜೆಯಾದರೆ ಮನೆಮನೆಗೆ ಹಂಚುವ ಕೆಲಸ. ಮಡಿಸಿದ ಬಟ್ಟೆಯನ್ನೆಲ್ಲ ಬಿಳಿ ದುಪ್ಪಟಿಯಲ್ಲಿ ಗಂಟು ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಹಲಗೆ ಬಿಗಿದು, ಅದರ ಮೇಲೆ ಕೂರಿಸುತ್ತಾನೆ. ಹಿಂದಿನಿಂದ ನೋಡಿದರೆ ಮನುಷ್ಯನೇ ಕಾಣುವುದಿಲ್ಲ, ಗಂಟೇ ಪೆಡಲು ತುಳಿಯುತ್ತಿದೆ ಅನ್ನಬೇಕು. ದುಪ್ಪಟಿಗೆ ಉಗುರಿನಷ್ಟು ಕೊಳೆ ತಾಗಿದರೂ ಅವನಿಗೆ ಆಗದು, ತೆಗೆದು ಬೇರೆಯದು ಕಟ್ಟುತ್ತಾನೆ. ಬಟ್ಟೆ ನೋಡುವ ಮೊದಲು ಜನ ಗಂಟು ನೋಡುತ್ತಾರೆ ಅನ್ನುವುದು ಅವನ ಲೆಕ್ಕ.

ಅವನ ಹೆಂಡತಿ ತೀರಿಕೊಂಡ ಮೇಲೆ ನಾನು ಆ ಮನೆಗೆ ಬಂದೆ. ಮನೆಯಲ್ಲಿ ನಾವು ಮೂವರು: ಅವನು, ನಾನು, ಅವನ ಮಗಳು. ಮಗಳು ವ್ಯಾನು ಓಡಿಸುತ್ತಾಳೆ. ಹೊಲಿಗೆ ಕಾರ್ಖಾನೆಯ ಹೆಂಗಸರನ್ನು ಸಂಜೆ ಅವರವರ ಮನೆಗೆ ಬಿಡುವುದು ಅವಳ ಕೆಲಸ. ಹೀಗಾಗಿ ಕತ್ತಲಾಗುವ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ರಸ್ತೆಯಲ್ಲೇ. ನಾನು ಅಡುಗೆಮನೆಯಲ್ಲಿ ಕೂತು, ಮೊದಲು ಬಂದವರ ದೂರು ಮೊದಲು, ಆಮೇಲೆ ಬಂದವರದ್ದು ಆಮೇಲೆ ಕೇಳುತ್ತೇನೆ. ತಮ್ಮನ ಪ್ರಕಾರ ಗಾಡಿ ಓಡಿಸುವವರಿಗೆಲ್ಲ ಕಣ್ಣಿಲ್ಲ. ಮಗಳ ಪ್ರಕಾರ ಸೈಕಲ್ಲಿನವರಿಗೆಲ್ಲ ಬುದ್ಧಿಯಿಲ್ಲ. ಸಾರು ಆರುವವರೆಗೂ ಇದೇ ಮಾತು.

ಹೋದ ಚಳಿಗಾಲದಲ್ಲಿ ಯಾವುದೋ ಕಾರು ಅವನ ಮೊಣಕೈ ಸವರಿಕೊಂಡು ಹೋಯಿತು. ಮಗಳು ಅಂದೇ ಎರಡು ದೀಪ ತಂದು ಮೇಜಿನ ಮೇಲಿಟ್ಟಳು. ಒಂದು ಕೆಂಪು, ಒಂದು ಬಿಳಿ. ಹಾಕಿಕೊಳ್ಳದೆ ಹೊರಡಕೂಡದು, ಇನ್ನೊಂದು ಸಲ ಹೀಗಾದರೆ ಸೈಕಲ್ಲು ಮೂಲೆ ಸೇರುತ್ತದೆ ಎಂದು ಹೇಳಿ ಕೆಲಸಕ್ಕೆ ಹೋದಳು. ಅವಳು ಆಡಿದಂತೆ ಮಾಡುವವಳು. ಸೈಕಲ್ಲು ನಿಂತರೆ ತಮ್ಮನ ಕೆಲಸವೂ ನಿಂತ ಹಾಗೆಯೇ. ಅವನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮಹಡಿ ಇಳಿಯಲಾಗದ ಮುದುಕರು. ಅಂಗಡಿಗೆ ಅವರೆಲ್ಲಿ ಬಂದಾರು?

ಅವನು ಅಂದೇ ದೀಪ ಕೂರಿಸಿಕೊಂಡ. ಅದಾದ ಮೇಲೆ ಶುರುವಾಯಿತು ನೋಡಿ, ತಲೆಬುಡ ತಿಳಿಯದ ಕಥೆ.

ದಿನಕ್ಕೊಬ್ಬರು ಅವನನ್ನು ಬೈಯುತ್ತಿದ್ದರು. ಒಬ್ಬ ಆಟೋದವನು ಪಕ್ಕಕ್ಕೆ ಬಂದು, ಯಾವ ಕಡೆಗೆ ಹೋಗ್ತಿದ್ದೀಯಪ್ಪ ನೀನು ಅಂದನಂತೆ. "ಮೂತಿ ಎತ್ತ ಕಡೆ ಇದೆಯೋ ಆ ಕಡೆಗೆ ಅಂದೆ ಅಕ್ಕ. ಸೈಕಲ್ ತುಳಿಯೋನಿಗೆ ಕೇಳೋ ಪ್ರಶ್ನೆನಾ ಅದು?" ಎಂದು ತಮ್ಮ ನನ್ನನ್ನೇ ಕೇಳಿದ. ದೀಪ ಇಲ್ಲದಾಗ ಯಾರೂ ನೋಡುತ್ತಿರಲಿಲ್ಲ. ಈಗ ಎಲ್ಲರೂ ನೋಡುತ್ತಾರೆ, ನೋಡಿ ಗಾಬರಿಯಾಗುತ್ತಾರೆ. ಯಾಕೆ ಅಂತ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಸಂಜೆ ಅವನು ಬೇಗನೆ ಬಂದ. ಚಹಾ ಲೋಟ ಹಿಡಿದು ಒಲೆಯ ಪಕ್ಕದಲ್ಲೇ ಕೂತ. ಹಳೆಯ ಗೋದಾಮಿನ ತಿರುವಿನಲ್ಲಿ ತನ್ನ ಪಾಡಿಗೆ ತಾನು ಅಂಚು ಹಿಡಿದು ಹೋಗುತ್ತಿದ್ದನಂತೆ. ಹಿಂದಿನಿಂದ ಬಂದ ಒಂದು ವ್ಯಾನು ಕಿರ್ರೆಂದು ಬ್ರೇಕು ಹಾಕಿ, ರಸ್ತೆಯ ನಡುವಿಗೆ ಹಾರಿ, ಎದುರಿನ ಲಾರಿಗೆ ಇನ್ನೇನು ಗುದ್ದುವುದರಲ್ಲಿದ್ದು ತಪ್ಪಿಸಿಕೊಂಡು ಹೋಯಿತಂತೆ. ಯಾರೋ ಹುಚ್ಚ ಓಡಿಸುತ್ತಿದ್ದ ಅಂದ. ಮಗಳಿಗೆ ಹೇಳಬೇಡ ಅಂತಲೂ ಅಂದ. ಚಹಾ ಕುಡಿದು, ಉಳಿದ ಬಟ್ಟೆ ಕೊಡಲು ಮತ್ತೆ ಹೋದ.

ಅವನು ಅತ್ತ ಹೋದ, ಮಗಳು ಇತ್ತ ಬಂದಳು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತಳು.

"ಅತ್ತೆ, ಇವತ್ತು ಹನ್ನೊಂದು ಜನ ಹೆಂಗಸರನ್ನ ಕೊಂದುಬಿಡ್ತಿದ್ದೆ" ಅಂದಳು.

ಗೋದಾಮಿನ ತಿರುವಿನಲ್ಲಿ ಯಾವನೋ ಕುಡುಕ ಬಿಳಿ ದೀಪ ಹಾಕಿಕೊಂಡು, ತಪ್ಪು ಕಡೆಯಿಂದ ನೇರ ಇವಳ ಮೇಲೆಯೇ ಬಂದನಂತೆ. ತಪ್ಪಿಸಲು ನಡುವಿಗೆ ತಿರುಗಿಸಿದರೆ ಎದುರಿಗೆ ಲಾರಿ. ಹೆಂಗಸರ ಕಿರುಚಾಟ ಇನ್ನೂ ಕಿವಿಯಲ್ಲಿದೆ ಅಂದಳು. ಅಪ್ಪನಿಗೆ ಹೇಳಬೇಡ ಅಂತ ಅವಳೂ ಅಂದಳು.

ನಾನು ಒಲೆಯ ಮುಂದೆ ಕೂತೇ ಇದ್ದೆ. ತಿರುವು ಒಂದೇ, ಹೊತ್ತು ಒಂದೇ, ಲಾರಿಯೂ ಒಂದೇ. ಆದರೆ ಇವನು ಹೋಗುತ್ತಿದ್ದೆ ಅನ್ನುತ್ತಾನೆ, ಅವಳು ಬರುತ್ತಿದ್ದ ಅನ್ನುತ್ತಾಳೆ. ಒಂದೇ ಸೈಕಲ್ಲು ಹೋಗುತ್ತಲೂ ಬರುತ್ತಲೂ ಇರುವುದು ಹೇಗೆ? ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಹೇಳಿದರೆ ಸೈಕಲ್ಲು ಮೂಲೆ ಸೇರುತ್ತದೆ. ಹೇಳದಿದ್ದರೆ ನಾಳೆ ಸಂಜೆ ಮತ್ತೆ ಅದೇ ತಿರುವು. ಅನ್ನ ತಳ ಹಿಡಿದದ್ದೂ ನನಗೆ ಗೊತ್ತಾಗಲಿಲ್ಲ.

ಮರುದಿನ ಸಂಜೆ ಅವನು ಹೊರಟಾಗ ನಾನೂ ಬಾಗಿಲಾಚೆ ಬಂದೆ. ಗಂಟಿಗೆ ಕೈಕೊಟ್ಟು ನಾನೇ ಸರಿಮಾಡಿದೆ. ಅವನು ಹತ್ತಿ ಕೂತ, ಹೊರಟ. ಮಸುಕು ಬೆಳಕು. ಹತ್ತು ಮನೆ ದಾಟುವಷ್ಟರಲ್ಲಿ ಸೈಕಲ್ಲು ಕರಗಿಹೋಗಿ, ಹಲಗೆಯ ತುದಿಯ ಬಿಳಿ ದೀಪವೊಂದೇ ಉಳಿಯಿತು. ಅದು ನನ್ನ ಕಡೆಗೇ ಬರುತ್ತಿತ್ತು. ಅವನು ಹೋದದ್ದನ್ನು ನಾನೇ ನೋಡಿದ್ದೇನೆ, ಆದರೂ ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಕಣ್ಣುಜ್ಜಿ ನೋಡಿದೆ. ಬರುತ್ತಲೇ ಇತ್ತು.

ಅವನು ತಿರುಗಿ ಬಂದ ಮೇಲೆ, ಕೆಂಪು ದೀಪ ಮುಂದೆ ಯಾಕೆ, ಬಿಳಿಯದು ಹಿಂದೆ ಯಾಕೆ ಅಂತ ಕೇಳಿದೆ. ಅವನ ಹತ್ತಿರ ಉತ್ತರ ತಯಾರಿತ್ತು. ಕೆಂಪು ಅಂದರೆ ಅಪಾಯ, ಎದುರಿಗೆ ಬರುವವನು ನೋಡಿ ನಿಲ್ಲಲಿ ಅಂತ ಮುಂದೆ.

"ಮತ್ತೆ ಕೆಂಪು ಬೆಳಕು ದುಪ್ಪಟಿ ಮೇಲೆ ಬಿದ್ರೆ ಹೇಗೆ ಕಾಣುತ್ತೆ ಹೇಳು? ಸೀರೆ ಬಣ್ಣ ಬಿಟ್ಟು ಗಂಟಿಗೆಲ್ಲ ಹತ್ತಿಕೊಂಡ ಹಾಗೆ ಕಾಣುತ್ತೆ. ಆಮೇಲೆ ಯಾರು ಕೊಡ್ತಾರೆ ನನಗೆ ಬಟ್ಟೆ?"

ನನಗೆ ಅದೂ ಸರಿಯೇ ಅನ್ನಿಸಿತು. ಅವನ ಮೇಜಿನ ಹಿಂದೆ ನಿಂತರೆ ಅವನದು ಸರಿ, ಬಾಗಿಲಲ್ಲಿ ನಿಂತರೆ ನನ್ನ ಕಾಲಿನದು ಸರಿ. ಮೂರನೇ ಕ್ಲಾಸಿನವರೆಗೆ ಓದಿದವಳು ನಾನು, ಇದನ್ನು ಬಿಡಿಸಿ ಹೇಳುವುದು ಹೇಗೆ? ಹೇಳಲು ಹೋಗಲಿಲ್ಲ. ರಜೆಯ ದಿನ ಮುಸ್ಸಂಜೆಗೆ ಮಗಳನ್ನು ಕರೆದು, ನಿನ್ನ ವ್ಯಾನಿನಲ್ಲಿ ನಿನ್ನ ಜಾಗದಲ್ಲಿ ಅಪ್ಪನನ್ನು ಕೂರಿಸು, ನೀನು ಗಂಟು ಕಟ್ಟಿಕೊಂಡು ಅವನ ಸೈಕಲ್ಲು ತುಳಿ ಅಂದೆ. ಯಾಕತ್ತೆ ಅಂದಳು. ನನಗೂ ಗೊತ್ತಿಲ್ಲ, ತುಳಿ ಅಂದೆ.

ವ್ಯಾನು ಮನೆ ಮುಂದೆ ನಿಂತಿತ್ತು, ಎಂಜಿನು ಬಂದ್ ಆಗಿತ್ತು. ತಮ್ಮ ಸ್ಟಿಯರಿಂಗ್ ಹಿಡಿದು ಮದುಮಗನ ಹಾಗೆ ಕೂತ, ನಾನು ಪಕ್ಕದ ಸೀಟಿನಲ್ಲಿ. ಮಗಳು ತುಳಿಯುತ್ತಾ ಹೋದಳು. ಕರಗಿದಳು. ಬಿಳಿ ದೀಪ ಉಳಿಯಿತು. ಅದು ನಮ್ಮ ಮೇಲೆಯೇ ಬರತೊಡಗಿತು.

ನಿಂತ ವ್ಯಾನಿನಲ್ಲಿ ತಮ್ಮನ ಕಾಲು ಬ್ರೇಕನ್ನು ನೆಲಕ್ಕೆ ಮುಟ್ಟುವ ಹಾಗೆ ಒತ್ತಿಕೊಂಡಿತ್ತು.

ಮಗಳು ತಿರುಗಿ ಬಂದು ಕಿಟಕಿ ಹತ್ತಿರ ಕಾಲೂರಿ ನಿಂತಳು. ಅವನು ಹಲಗೆಯ ತುದಿಯ ದೀಪ ನೋಡಿದ, ವ್ಯಾನು ನೋಡಿದ, ಅವಳ ಮುಖ ನೋಡಿದ.

"ಆವತ್ತು ಗೋದಾಮಿನ ಹತ್ರ, ಲಾರಿ ಎದುರಿಗೆ ಬಂದಾಗ, ಆ ಹುಚ್ಚ ಡ್ರೈವರು ನೀನಾ?"

ಅವಳು ಸೈಕಲ್ಲಿನಿಂದ ಇಳಿದಳು. "ಆ ಕುಡುಕ ನೀನಾ ಅಪ್ಪ?"

ಯಾರೂ ನಗಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು, ಇದನ್ನೆಲ್ಲ ನಾನೇ ಮಾಡಿಸಿದ ಹಾಗೆ.

"ಸರಿ, ಸೈಕಲ್ಲು ಮೂಲೆಗೆ ಇಡು ಅಂತೀಯ, ಇಡ್ತೀನಿ" ಅಂದ ಅವನು, ಕೆಳಗಿಳಿಯುತ್ತಾ.

ಅವಳು ಇಡು ಅನ್ನಲಿಲ್ಲ. ವ್ಯಾನಿನೊಳಗಿಂದ ಸ್ಪ್ಯಾನರ್ ತಂದು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ದೀಪ ಬಿಚ್ಚಿದಳು. ಬಿಳಿಯದನ್ನು ಮುಂದಕ್ಕೆ ಹಾಕಿದಳು. ಕೆಂಪಿಗೆ ಒಂದು ಕಬ್ಬಿಣದ ಸರಳು ಬಗ್ಗಿಸಿ, ಗಂಟಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ಹಿಂದಕ್ಕೆ ಕಟ್ಟಿದಳು. ಆದರೂ ದುಪ್ಪಟಿಯ ಕೆಳ ಅಂಚಿನ ಮೇಲೆ ಕೆಂಪು ಬಿದ್ದೇ ಬಿತ್ತು. ತಮ್ಮ ನೋಡಿ ಮುಖ ಸಿಂಡರಿಸಿದ.

ಈಗ ಅವನನ್ನು ಯಾವ ಕಡೆಗೆ ಹೋಗುತ್ತೀಯ ಅಂತ ಯಾರೂ ಕೇಳುವುದಿಲ್ಲ. ಮೊದಲ ವಾರವೇ ಒಬ್ಬ ಅಜ್ಜಿ ಮಹಡಿಯಿಂದ ನೋಡಿ, ಬಣ್ಣ ಬಿಟ್ಟಿದೆಯಲ್ಲೋ ಅಂದರಂತೆ. ಅವನು ಸೈಕಲ್ಲು ನಿಲ್ಲಿಸಿ, ದೀಪ ಆರಿಸಿ, ದುಪ್ಪಟಿಯ ಅಂಚು ಎತ್ತಿ ತೋರಿಸಿದ. ಈಗಲೂ ದಿನಕ್ಕೆ ಎರಡು ಮನೆಯಲ್ಲಾದರೂ ಹೀಗೆ ಆರಿಸಿ, ತೋರಿಸಿ, ಮತ್ತೆ ಹಚ್ಚಿಕೊಂಡು ಹೊರಡುತ್ತಾನೆ.

ನಾನು ಸಂಜೆ ಬಾಗಿಲಲ್ಲಿ ನಿಂತು ನೋಡುತ್ತೇನೆ. ಕೆಂಪು ಚುಕ್ಕೆ ಹೋಗುತ್ತಿದೆ ಅಂತಲೇ ಕಾಣುತ್ತದೆ. ಆದರೂ ಅದು ಚಿಕ್ಕದಾಗಿ ಆ ತುದಿಯಲ್ಲಿ ಮರೆಯಾಗುವವರೆಗೆ ನನ್ನ ಕಾಲಿಗೆ ಪೂರ್ತಿ ನಂಬಿಕೆ ಬರುವುದಿಲ್ಲ.